ಕರ್ಪೂರ ಆರುವವರೆಗೆ

ನವೆಂಬರ್ ೧೮ರ ಸೋಮವಾರ ಮಧ್ಯಾಹ್ನ ಹರದನಹಳ್ಳಿಯ ಗಂಗಾಧರಸ್ವಾಮಿ ಚಾಮರಾಜನಗರದ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ನಾಗೇಂದ್ರ ಊಟದ ಡಬ್ಬಿ ಮುಚ್ಚುತ್ತಿದ್ದರು. ಗಂಗಾಧರಸ್ವಾಮಿ ಅರಿಸಿನ, ಈರುಳ್ಳಿ ಬೆಳೆಯುವವರು. ಮನೆಯ ಮುಂಭಾಗದಲ್ಲೇ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಕೈಯಲ್ಲಿದ್ದ ಟವೆಲ್ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. ಒಳಗಿದ್ದದ್ದು ಒಡೆದುಹೋದ ಸಿಸಿ ಕ್ಯಾಮೆರಾ.

"ನಿಮ್ದೇ ಸಾ, ಇಲಾಖೇದು. ಯಾರೋ ಎಳ್ದು ಕೆಡವ್ಬುಟ್ಟವ್ರೆ."

"ಬಿದ್ದದ್ದನ್ನ ಮುಟ್ಟಿದ್ದು ಯಾಕೆ? ಅಲ್ಲೇ ಬಿಟ್ಟು ಫೋನ್ ಮಾಡಬೇಕಿತ್ತು."

"ದನ ತುಳುದ್ಬುಡ್ತವೆ ಅಂತ ಎತ್ಕೊಂಡೆ."

"ಎಷ್ಟೊತ್ತಿಗೆ?"

"ಅನ್ನೊಂದು ಗಂಟೆ ಆಗಿತ್ತು. ನಾನು ಅಂಗಡಿ ಒಳಗೆ ಒರಗಿದ್ದೆ. ಗುಂಡ್ಲುಪೇಟೆಯಿಂದ ಮಗ ಫೋನ್ ಮಾಡ್ದ. ಅಪ್ಪ, ಕ್ಯಾಮೆರಾ ಆಫ್ ಆಗ್ಬುಟ್ಟದೆ, ಆಚೆ ಓಗಿ ನೋಡು ಅಂತ. ಓಗಿ ನೋಡಿದ್ರೆ ಇಂಗೆ."

ಹಿಂದಿನ ವರ್ಷ ಹರದನಹಳ್ಳಿಯ ಸುತ್ತ ಪಂಪ್‌ಸೆಟ್ ಕೇಬಲ್ ಕಳ್ಳತನ ಹೆಚ್ಚಾಗಿತ್ತು. ರಾತ್ರಿ ಕತ್ತರಿಸಿದ ಕೇಬಲ್ಲನ್ನು ಸುಟ್ಟು ತಾಮ್ರ ಮಾರುತ್ತಿದ್ದರು. ಊರಿಗೊಂದು ಕ್ಯಾಮೆರಾ ಬೇಕೆಂದು ಇಲಾಖೆ ಕೇಳಿದಾಗ ಖರ್ಚು ಕೊಟ್ಟವರು ಗಂಗಾಧರಸ್ವಾಮಿ. ಅವರ ಮನೆಯ ಪಕ್ಕದಲ್ಲಿ ಕಂಬ ಎದ್ದಿತು. ಅಧಿಕಾರಿಗಳು ಬಂದು ಟೇಪು ಕತ್ತರಿಸಿದರು. ಕಂಬದ ಮೇಲೆ ನೀಲಿ ಬಣ್ಣದಲ್ಲಿ ಪೊಲೀಸ್ ಇಲಾಖೆ ಎಂದು ಬರೆಸಲಾಯಿತು. ಕೇಬಲ್ ಕಳ್ಳರು ಸಿಗಲಿಲ್ಲ. ಆ ಕಡತ ಇನ್ನೂ ರ್‍ಯಾಕಿನಲ್ಲೇ ಇತ್ತು.

ಆದರೆ ಕ್ಯಾಮೆರಾ ಒಡೆದ ಸುದ್ದಿ ಆಗಲೇ ಮೇಲಿನ ಕಚೇರಿಗೆ ಮುಟ್ಟಿತ್ತು. ಪೊಲೀಸರ ಕಣ್ಣನ್ನೇ ಕಿತ್ತರೆ ಜನ ಏನು ಹೇಳುತ್ತಾರೆ ಎಂದು ಅಲ್ಲಿಂದ ಫೋನ್ ಬಂತು. ಗಂಗಾಧರಸ್ವಾಮಿಯವರ ದೂರಿನ ಮೇಲೆ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಮೂರೂವರೆಗೆ ನಾಗೇಂದ್ರ, ಹೆಡ್ ಕಾನ್‌ಸ್ಟೆಬಲ್ ರಾಚಯ್ಯ ಮತ್ತು ಮಹಿಳಾ ಕಾನ್‌ಸ್ಟೆಬಲ್ ಹರ್ಷಿತಾ ಸ್ಥಳಕ್ಕೆ ಹೋದರು. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ರಾಚಯ್ಯ ಪಂಚನಾಮೆ ಬರೆಯತೊಡಗಿದರು. ಕಂಬದ ಹಿಂದೆ ಕೊಟ್ಟಿಗೆಯಿಂದ ಬರುವ ಸಂದು. ಎಡಕ್ಕೆ ಗಂಗಾಧರಸ್ವಾಮಿಯವರ ಮನೆ. ಮುಂದೆ ಬಸ್ ಸ್ಟಾಪಿಗೆ ಹೋಗುವ ಬೀದಿ. ಕಂಬದ ಮೇಲೆ ವಿಭೂತಿಯ ಮೂರು ಗೆರೆ. ಕಂಬದ ಬುಡದ ಕಲ್ಲಿನ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ, ಕರ್ಪೂರ ಉರಿದ ಕಪ್ಪು ಕಲೆ.

ರಾಚಯ್ಯ ಪೆನ್ನು ನಿಲ್ಲಿಸಿದರು. "ಸಾ, ಮಾಟ ಮಾಡ್ಸವ್ರೆ."

ಆಗಷ್ಟೇ ದೇವಸ್ಥಾನದಿಂದ ಬಂದಿದ್ದ ಗಂಗಾಧರಸ್ವಾಮಿಯವರ ಹೆಂಡತಿ ದೊಡ್ಡಮಲ್ಲಮ್ಮ ಜಗಲಿಯಿಂದಲೇ ಗದರಿದರು. "ಮಾಟ ನಿಮ್ಮನೇಲಿ ಮಾಡ್ಸು ಓಗು. ಆಯುಧ ಪೂಜೇಲಿ ಟ್ರ್ಯಾಕ್ಟರ್‌ಗೆ, ತಕ್ಕಡಿಗೆ, ಕ್ಯಾಮೆರಾಗೆ ಎಲ್ಲದ್ಕೂ ಪೂಜೆ ಮಾಡಿದ್ವಿ. ಅವತ್ತಿಂದ ಪ್ರತಿ ಸೋಮವಾರ ಕಂಬಕ್ಕೆ ಇಬೂತಿ ಇಕ್ತೀವಿ. ಊರ್ ಕಾಯೋದಲ್ವಾ?"

"ಕರ್ಪೂರಾನೂ ಹಚ್ತೀರಾ?" ಎಂದು ನಾಗೇಂದ್ರ ಕೇಳಿದರು.

"ಇಲ್ಲ ಕಣಪ್ಪ, ಇಬೂತಿ ಒಂದೇಯ. ನಮ್ಮ ಸೊಸೆ ಇಕ್ತಾಳೆ. ನಾನು ಇವತ್ತು ಕಾರ್ತಿಕ ಸೋಮವಾರ ಅಂತ ಒತ್ತಾರೇನೇ ಗುಡಿಗೆ ಓಗಿದ್ದೆ." ಒಳಗೆ ತಿರುಗಿ ಕೂಗಿದರು. "ಸುಧಾ, ಇವ್ರಿಗೆ ನೀರ್ ಕೊಡಮ್ಮಿ."

ಸೊಸೆ ಸುಧಾಮಣಿ ಚೊಂಬು ಹಿಡಿದು ಬಾಗಿಲವರೆಗೆ ಬಂದಳು. ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸು. ಹರ್ಷಿತಾ ಜಗಲಿಯ ಕೆಳಗೆ ನಿಂತಿದ್ದಳು. ಸುಧಾಮಣಿ ಹೊಸ್ತಿಲು ದಾಟಲಿಲ್ಲ. ಅದರ ಒಳಗೇ ಬಗ್ಗಿ, ಕೈ ಎಷ್ಟು ಚಾಚಬಹುದೋ ಅಷ್ಟು ಚಾಚಿದಳು. ಹರ್ಷಿತಾ ಎರಡು ಮೆಟ್ಟಿಲು ಹತ್ತಿ ಚೊಂಬು ತೆಗೆದುಕೊಳ್ಳಬೇಕಾಯಿತು. ನೀರು ಕುಡಿಯುತ್ತಾ ಅವಳು ಕಂಬದ ಕಡೆ ನೋಡಿದಳು. ತುದಿಯಲ್ಲಿ ತುಂಡಾದ ವೈರು ಮಾತ್ರ ನೇತಾಡುತ್ತಿತ್ತು.

ಮರುದಿನ ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ದೇವರಾಜು ಕೂತಿದ್ದ. ಹರದನಹಳ್ಳಿಯ ಕೂಲಿಯವನು. ಹಿಂದೊಮ್ಮೆ ಜಗಳದ ಕೇಸಿನಲ್ಲಿ ಹೆಸರು ಬಂದದ್ದೇ ರೌಡಿ ಪಟ್ಟಿಗೆ ಸೇರಿದ್ದ. ಊರಿನಲ್ಲಿ ಏನೇ ನಡೆದರೂ ರಾಚಯ್ಯ ಮೊದಲು ಅವನನ್ನು ಕರೆತರುತ್ತಿದ್ದರು. ಹೊರಗೆ ಬೇವಿನ ಮರದ ಕೆಳಗೆ ಅವನ ತಾಯಿ ಮಹಾಲಕ್ಷ್ಮಮ್ಮ ಬುತ್ತಿ ಹಿಡಿದು ಕೂತಿದ್ದಳು. ಅವಳಿಗೂ ಆ ಮರದ ನೆರಳು ಅಭ್ಯಾಸವಾಗಿಹೋಗಿತ್ತು.

"ಯಾಕ್ಲಾ ಒಡ್ದೆ?" ಎಂದರು ರಾಚಯ್ಯ.

"ನಮ್ಮೂರಲ್ಲಿ ಬಲ್ಬ್ ಸುಟ್ಟೋದ್ರೂ ನಾನೇ ಅಲ್ವಾ ಅಣ್ಣ?"

"ಬಾಯ್ ಜಾಸ್ತಿ ಆಯ್ತು. ನಿನ್ನೆ ಅನ್ನೊಂದು ಗಂಟೇಲಿ ಎಲ್ಲಿದ್ದೆ, ಅದ್ನ ಏಳು."

ದೇವರಾಜು ನಕ್ಕ. "ತಾಲೂಕು ಆಫೀಸಲ್ಲಿ. ಗಲಾಟೆ ಮಾಡಲ್ಲ ಅಂತ ಬಾಂಡ್ ಬರ್ಸಕ್ಕೆ ನೀವೇ ಕರ್ಕೊಂಡೋಗಿದ್ರಲ್ಲ ಅಣ್ಣ. ನಿಮ್ಮ ಬೈಕಲ್ಲೇ ಕೂತಿದ್ದೆ. ವಾಪಸ್ ಬತ್ತಾ ಕಾಫಿನೂ ಕುಡಿಸಿದ್ರಿ."

ಠಾಣೆಯ ಬರಹಗಾರ ಮುಖ ತಗ್ಗಿಸಿ ನಕ್ಕ.

"ಒಂದ್ ಮಾತು ಸಾ," ದೇವರಾಜು ನಾಗೇಂದ್ರರ ಕಡೆ ತಿರುಗಿದ. "ನಾನ್ ಒಡ್ಯಂಗಿದ್ರೆ ಒಂದು ಕಲ್ಲು ಸಾಕಾಗಿತ್ತು. ಕರ್ಪೂರ ಯಾಕ ಹಚ್ಲಿ?"

ನಾಗೇಂದ್ರ ಅವನನ್ನು ಕಳುಹಿಸಿದರು. ಮಹಾಲಕ್ಷ್ಮಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡು, "ಮುಂದಿನ ಕಿತ ಕರ್ಕೊಂಡ್ ಬರೋವಾಗ ಊಟ ಆದ್ಮೇಲೆ ಬನ್ನಿ ಸ್ವಾಮಿ," ಎಂದು ರಾಚಯ್ಯನವರಿಗೆ ಹೇಳಿ ಹೋದಳು.

"ನಿನಗೇನು ಅನಿಸುತ್ತೆ ಹರ್ಷಿತಾ?" ಎಂದು ನಾಗೇಂದ್ರ ಕೇಳಿದರು. ನಿನ್ನೆಯಿಂದ ಅವಳು ಏನನ್ನೋ ಹೇಳಲು ಕಾಯುತ್ತಿರುವುದನ್ನು ಅವರು ಗಮನಿಸಿದ್ದರು.

"ನಮ್ಮಜ್ಜಿ ಮನೆ ಮುಂದಿನ ಬೇವಿನ ಮರ ಕಡಿಸೋವಾಗ ಬುಡಕ್ಕೆ ಎಲೆ ಅಡಿಕೆ ಇಟ್ಟು ಕರ್ಪೂರ ಹಚ್ಚಿದ್ರು ಸಾರ್. ತಪ್ಪಾಯ್ತು ತಾಯಿ ಅಂತ ಕೈಮುಗಿದು, ಆಮೇಲೆ ಕೊಡಲಿ ಮುಟ್ಟೋಕೆ ಬಿಟ್ರು. ಪೂಜೆ ಮಾಡಿದ್ದನ್ನ ಕೇಳದೆ ಕಡೀಬಾರದು ಅಂತ."

"ಅಂದರೆ ಇದು ಕ್ಷಮೆ ಕೇಳಿದ್ದು."

"ಕ್ಷಮೆ ಕೇಳ್ಬೇಕು ಅಂತ ಅನ್ಸೋದು ಪೂಜೆ ಮಾಡಿದೋರಿಗೆ ಮಾತ್ರ ಸಾರ್. ಕಳ್ಳರಿಗೆ ಅದು ಬರೀ ಕ್ಯಾಮೆರಾ."

ಕೊನೆಯ ದೃಶ್ಯ ನೋಡೋಣವೆಂದು ನಾಗೇಂದ್ರ ಠಾಣೆಯ ಮಾನಿಟರ್ ಹಾಕಿಸಿದರು. ಪರದೆಯಲ್ಲಿ ಹರದನಹಳ್ಳಿಗೆಂದಿದ್ದ ಚೌಕ ಕಪ್ಪಾಗಿತ್ತು. ಸಿಮ್ಮಿಗೆ ರೀಚಾರ್ಜ್ ಆಗದೆ ಮಳೆಗಾಲದಿಂದಲೂ ಹೀಗೇ ಇದೆ ಎಂದು ಬರಹಗಾರ ತಲೆ ಕೆರೆದುಕೊಂಡ. ಪೊಲೀಸರ ಕಣ್ಣನ್ನು ಇಷ್ಟು ದಿನ ಪೊಲೀಸರೇ ನೋಡಿರಲಿಲ್ಲ. ಕಂಬಕ್ಕೆ ತಮ್ಮ ಮನೆಯ ವೈಫೈ ಕೊಟ್ಟಿದ್ದ ಗಂಗಾಧರಸ್ವಾಮಿಯವರ ಮಗ ದಿಲೀಪನ ಮೊಬೈಲಿನಲ್ಲಿ ಮಾತ್ರ ಅದು ಕಾಣುತ್ತಿತ್ತು.

ಬುಧವಾರ ನಾಗೇಂದ್ರ ಮತ್ತು ಹರ್ಷಿತಾ ಗುಂಡ್ಲುಪೇಟೆಗೆ ಹೋದರು. ದಿಲೀಪ ಅಲ್ಲಿ ಈರುಳ್ಳಿ ಮಂಡಿ ನಡೆಸುತ್ತಿದ್ದ. ಕೇರಳದ ಲಾರಿಗಳು ಹಿಮ್ಮುಖವಾಗಿ ಸಾಲಾಗಿ ನಿಂತಿದ್ದವು. ಹಮಾಲರು ಮೂಟೆ ಹೊತ್ತು ಹಲಗೆ ಹತ್ತುತ್ತಿದ್ದರು. "ಬೇಗ ಆಗ್ಲಿ ಚೇಟ, ಚೆಕ್‌ಪೋಸ್ಟ್ ಮುಚ್ಚೋದ್ರೊಳಗೆ ದಾಟ್ಬೇಕು," ಎಂದು ಮಲಯಾಳಿ ಡ್ರೈವರೊಬ್ಬನಿಗೆ ಹೇಳಿ ದಿಲೀಪ ಇವರಿಗೆ ಕುರ್ಚಿ ಎಳೆದ. ಮೂವತ್ತು ದಾಟಿದವನು. ಮೆತ್ತಗಿನ ದನಿ. ಟೀ ತರಿಸಿದ.

"ಹೊಸ ಕ್ಯಾಮೆರಾ ಇವತ್ತೇ ಹಾಕಿಸ್ದೆ ಸಾರ್. ಇಲಾಖೆ ಕೆಲಸ ನಿಲ್ಲಬಾರ್ದು. ನೋಡಿ, ಇಲ್ಲಿಂದ್ಲೇ ಊರೆಲ್ಲ ಕಾಣ್ತದೆ."

ನಾಗೇಂದ್ರ ಮೊಬೈಲ್ ತೆಗೆದುಕೊಂಡು ನೋಡಿದರು. ಊರು ಕಾಣಲಿಲ್ಲ. ಪರದೆಯ ಮುಕ್ಕಾಲು ಪಾಲು ಒಂದು ಬಾಗಿಲು, ಜಗಲಿ, ಎರಡು ಮೆಟ್ಟಿಲು. ಮೂಲೆಯಲ್ಲಿ ಬೀದಿಯ ಸ್ವಲ್ಪ ಭಾಗ.

"ಇದು ನಿಮ್ಮ ಮನೆ ಬಾಗಿಲಲ್ವಾ?"

"ಹೌದು ಸಾರ್. ಅಂಗಡೀಲಿ ಸ್ಟಾಕ್ ಇರ್ತದಲ್ಲ, ಸೇಫ್ಟಿಗೆ."

"ಅಂಗಡಿ ಬಾಗಿಲು ಇದರಲ್ಲಿ ಇಲ್ಲ."

ದಿಲೀಪ ಮೊಬೈಲಿಗಾಗಿ ಕೈ ಚಾಚಿದ. ಆಗ ಮೊಬೈಲ್ 'ಟಿಣ್' ಎಂದಿತು. ಪರದೆಯ ಮೇಲೆ ಚಲನೆ ಪತ್ತೆಯಾಗಿದೆ ಎಂಬ ಸೂಚನೆ. ದೊಡ್ಡಮಲ್ಲಮ್ಮ ಜಗಲಿಗೆ ಬಂದು ಎಲೆ ಉಗಿದು ಒಳಗೆ ಹೋದರು. ನಾಗೇಂದ್ರ ಕರೆಗಳ ಪಟ್ಟಿ ತೆಗೆಯಲು ಹೇಳಿದರು. ಕೆಳಗಿನವರೆಗೂ ಒಂದೇ ಹೆಸರು. ಸುಧಾ. ಒಂದೊಂದು ಸೂಚನೆಯ ಹಿಂದೆಯೂ ಒಂದೊಂದು ಕರೆ.

"ಹೆಂಡತಿಗೆ ತುಂಬಾ ಫೋನ್ ಮಾಡ್ತೀರಿ."

"ಹೆಂಡ್ತಿಗಲ್ದೆ ಇನ್ಯಾರಿಗೆ ಮಾಡ್ಲಿ ಸಾರ್?" ದಿಲೀಪ ನಕ್ಕ. "ಒಂದು ಏಟು ಹೊಡೆದಿಲ್ಲ ಅವಳಿಗೆ. ಬೇಕಾದ್ರೆ ಕೇಳಿ."

"ನಾನು ಅದನ್ನ ಕೇಳಲೇ ಇಲ್ಲವಲ್ಲ," ಎಂದರು ನಾಗೇಂದ್ರ. ಎದ್ದು ನಿಂತು ಮತ್ತೊಮ್ಮೆ ಪರದೆ ನೋಡಿದರು. "ಕಳ್ಳ ಒಳಗೆ ಬರೋದನ್ನ ನೋಡೋಕೆ ಕ್ಯಾಮೆರಾ ಹಾಕ್ತಾರೆ. ನೀವು ಒಳಗಿರೋರು ಹೊರಗೆ ಬರೋದನ್ನ ನೋಡೋಕೆ ಹಾಕಿದ್ದೀರಿ."

ಟೀ ಹಾಗೇ ಉಳಿಯಿತು.

೨೧ರ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೂವರೂ ಹರದನಹಳ್ಳಿಗೆ ಹೋದರು. ಹೊಸ ಕ್ಯಾಮೆರಾ ಕಂಬದ ತುದಿಯಲ್ಲಿ ಹೊಳೆಯುತ್ತಿತ್ತು. ಕೊಟ್ಟಿಗೆಯ ಅಟ್ಟದ ಮೇಲೆ ಹುಣಸೆಕಾಯಿ ಕೀಳುವ ಉದ್ದನೆಯ ದೋಟಿ ಸಿಕ್ಕಿತು. ಅದರ ಕೊಕ್ಕೆಗೆ ಕ್ಯಾಮೆರಾದ ಬಿಳಿ ಬಣ್ಣ ಅಂಟಿತ್ತು. ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡರು.

ಗಂಗಾಧರಸ್ವಾಮಿ ದೋಟಿಯನ್ನೂ ಸೊಸೆಯನ್ನೂ ನೋಡಿ ಜಗಲಿಯ ಮೇಲೆ ಕೂತುಬಿಟ್ಟರು.

"ಸುಧಾಮಣಿ, ಆಚೆ ಬನ್ನಿ," ಎಂದು ನಾಗೇಂದ್ರ ಕರೆದರು.

ಅವಳು ಹೊಸ್ತಿಲು ದಾಟಿದಳು. ಕೈಯಲ್ಲಿದ್ದ ಮೊಬೈಲ್ ಕೂಡಲೇ ಹೊಡೆದುಕೊಂಡಿತು. ಅವಳು ಬೆಚ್ಚಲಿಲ್ಲ. ಕರೆ ತೆಗೆದುಕೊಳ್ಳಲೇ ಎಂದು ಕೇಳುವವಳಂತೆ ಹರ್ಷಿತಾಳ ಮುಖ ನೋಡಿದಳು. ಹರ್ಷಿತಾ ಬೇಡವೆಂದು ತಲೆಯಾಡಿಸಿದಳು. ಅದು ನಿಂತಿತು. ಮತ್ತೆ ಶುರುವಾಯಿತು.

"ಕ್ಯಾಮೆರಾ ಎಳೆದದ್ದು ನೀವೇನಾ?"

"ಊಂ ಸಾ."

"ಹೇಗೆ?"

"ಅತ್ತೆ ಗುಡಿಗೆ ಓಗಿದ್ರು. ಮಾವ ಒರಗಿದ್ರು. ಕೊಟ್ಟಿಗೆ ಸಂದೀಲಿ ಕಂಬದ ಬುಡಕ್ಕೆ ಬಂದೆ. ಕ್ಯಾಮೆರಾ ಬೆನ್ನು ಆ ಕಡೆ, ಅಲ್ಲಿ ನಿಂತ್ರೆ ಕಾಣಲ್ಲ. ಒಂದೆಜ್ಜೆ ಬೀದಿಗೆ ಇಟ್ರೆ ಕಾಣ್ತದೆ."

"ಕರ್ಪೂರ ಯಾಕೆ ಹಚ್ಚಿದ್ರಿ?"

"ಆಯುಧ ಪೂಜೇಲಿ ನಾನೇ ಅದ್ಕೆ ಆರತಿ ಎತ್ತಿದ್ದು. ಸೋಮವಾರ ಸೋಮವಾರ ಇಬೂತಿ ಇಕ್ದೋಳು ನಾನೇಯ. ಕೇಳ್ದೆ ಒಡೀಬಾರ್ದು ಅನ್ನುಸ್ತು."

"ಆಮೇಲೆ?"

"ಉರೀತಿರೋವಾಗ ಬೆನ್ನು ತಿರುಗ್ಸಬಾರ್ದು ಅಂತಾರೆ. ಕರ್ಪೂರದ ಬಿಲ್ಲೆ ದೊಡ್ಡದಾಗೋಯ್ತು ಸಾ. ಆರೋಗಂಟ ಕೈಮುಕ್ಕೊಂಡು ನಿಂತಿದ್ದೆ. ಆಮೇಲೆ ದೋಟಿ ಆಕಿ ಎಳ್ದೆ. ದೋಟೀನ ಕೊಟ್ಟಿಗೆಗೆ ಎಸ್ದು ಬಸ್ ಸ್ಟಾಪ್‌ಗೆ ಓಡ್ದೆ. ಬಸ್ಸು ತಿರುವಲ್ಲಿ ಓಗ್ತಿತ್ತು. ಹಿಂದಿನ ಗಾಜು ಕಾಣ್ತು, ಅಷ್ಟೇಯ." ಅವಳು ಬಸ್ ಸ್ಟಾಪಿನ ಕಡೆ ನೋಡಿದಳು. "ಅಷ್ಟ್ರಲ್ಲಿ ಮಾವ ಆಚೆ ಬಂದ್ಬುಟ್ಟಿದ್ರು. ಅದ್ರ ಕಣ್ಣು ಓದ್ರೂ ಯಜಮಾನ್ರಿಗೆ ಗೊತ್ತಾಯ್ತದೆ ಅಂತ ನನ್ಗೊತ್ತಿರ್ಲಿಲ್ಲ. ಬಟ್ಟೆ ಒಣಾಕಕ್ಕೆ ಬಂದೋಳಂಗೆ ವಾಪಸ್ ಒಳಗೋದೆ. ದೋಟೀನ ಸಾಯಂಕಾಲ ಅಟ್ಟಕ್ಕೆ ಆಕ್ದೆ."

"ಎಲ್ಲಿಗೆ ಹೊರಟಿದ್ರಿ? ತವರಿಗಾ?"

"ನಮ್ಮವ್ವನ ಮನೆ ಮದ್ದೂರು, ಆ ಕಡೆ. ನಾನು ಓಡಿದ್ದು ಚಾಮರಾಜನಗರದ ಬಸ್ಸಿಗೆ."

"ಅಲ್ಲಿ ಯಾರಿದ್ದಾರೆ?"

"ನೀವು," ಎಂದಳು ಸುಧಾಮಣಿ. "ಠಾಣೆಗೆ ಬರಕ್ಕೆ ಓಡಿದ್ದು ಸಾ. ಬರಕ್ಕೆ ದಾರಿ ಇದೊಂದೇ. ದಾರೀಲಿ ನಿಮ್ಮ ಕ್ಯಾಮೆರಾನೇ ಇತ್ತು."

ಅವಳ ಕೈಯಲ್ಲಿ ಮೊಬೈಲ್ ಬಿಡದೆ ಹೊಡೆದುಕೊಳ್ಳುತ್ತಿತ್ತು.

"ಒನ್ ಒನ್ ಟೂಗೆ ಫೋನ್ ಮಾಡಬಹುದಿತ್ತಲ್ಲ?" ಎಂದು ಹರ್ಷಿತಾ ಕೇಳಿದಳು.

"ಮಾಡಿದ್ದೆ ಮೇಡಂ, ಯುಗಾದಿ ಆದ್ಮೇಲೆ. ಈ ಸಾಹೇಬ್ರೇ ಬಂದಿದ್ರು." ಅವಳು ರಾಚಯ್ಯನವರ ಕಡೆ ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ. "ಒಡೆದವ್ನಾ ಅಂತ ಕೇಳುದ್ರು. ಇಲ್ಲ ಅಂದೆ. ಊಟಕ್ಕೆ ಇಕ್ಕಲ್ವಾ ಅಂದ್ರು. ಇಕ್ತಾರೆ ಅಂದೆ. ಮತ್ಯಾಕಮ್ಮಿ ಫೋನ್ ಮಾಡ್ದೆ, ಒಂದ್ಕೊಂಡು ಬಾಳು ಅಂತ ಏಳಿ ಕಾಫಿ ಕುಡ್ದು ಓದ್ರು. ಅವತ್ತಿಂದ ಯಜಮಾನ್ರು ದಿನಾ ನನ್ ಮೊಬೈಲ್ ತೆಗ್ದು ಯಾರ್ಗೆ ಮಾಡಿವ್ನಿ ಅಂತ ನೋಡ್ತಾರೆ. ಒಡೆದಿದ್ರೆ ಏಳಕ್ಕೆ ಸುಲಭ ಆಗೋದು ಮೇಡಂ. ತೋರ್ಸಕ್ಕೆ ಏನೂ ಇಲ್ಲ ನನ್ಹತ್ರ."

ರಾಚಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆ ಕಾಫಿಯ ಲೋಟ ಅವರಿಗೆ ನೆನಪಿಗೆ ಬಂದಿರಬೇಕು.

ಗಂಗಾಧರಸ್ವಾಮಿ ಎದ್ದು ನಾಗೇಂದ್ರರ ಹತ್ತಿರ ಬಂದು ದನಿ ತಗ್ಗಿಸಿದರು. "ಸಾ, ಮನೆ ವಿಚಾರ. ಕ್ಯಾಮೆರಾ ಬಂದಾಯ್ತಲ್ಲ. ಕಂಪ್ಲೇಂಟ್ ವಾಪಸ್ ತಕ್ಕತೀನಿ. ನಾವೇ ಬುದ್ಧಿ ಏಳ್ಕೊತೀವಿ."

"ಕಂಬ ಇಲಾಖೆಯದ್ದು ಅಂತ ಬರೆಸಿದ್ದು ನೀವೇ. ಕೇಸು ಸರ್ಕಾರದ್ದು. ವಾಪಸ್ ತಗೊಳ್ಳೋಕೆ ಬರೋದಿಲ್ಲ."

"ಅಂಗಾದ್ರೆ ಅರೆಸ್ಟ್ ಮಾಡ್ಬೇಡಿ. ಮರ್ಯಾದೆ ಪ್ರಶ್ನೆ."

ರಾಚಯ್ಯನವರೂ ಅದನ್ನೇ ಹೇಳಿದರು. "ಏಳು ವರ್ಷದೊಳಗಿನ ಶಿಕ್ಷೆ ಸಾ. ನೋಟಿಸ್ ಕೊಟ್ರೆ ಸಾಕು. ಫಾರಂ ತಂದಿವ್ನಿ."

ಕಾನೂನು ಹೇಳುವುದು ಅದನ್ನೇ ಎಂದು ನಾಗೇಂದ್ರರಿಗೂ ಗೊತ್ತಿತ್ತು. ಸುಧಾಮಣಿ ಎಲ್ಲರ ಮುಖ ನೋಡಿ ಕೇಳಿದಳು. "ನೋಟಿಸ್ ಅಂದ್ರೆ?"

"ನೀವು ಇಲ್ಲೇ ಮನೇಲಿ ಇರಬಹುದು. ಕರೆದಾಗ ಠಾಣೆಗೆ ಬರಬೇಕು, ಅಷ್ಟೆ."

"ಕರ್ಕೊಂಡ್ ಬರೋರು ಯಾರು ಸಾ?"

ನಾಗೇಂದ್ರ ಜಗಲಿಯ ಕಡೆ ನೋಡಿದರು. ದೊಡ್ಡಮಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಗಂಗಾಧರಸ್ವಾಮಿ ನೆಲ ನೋಡುತ್ತಿದ್ದರು.

"ನನ್ನ ಅರೆಸ್ಟೇ ಮಾಡಿ ಸಾ," ಎಂದಳು ಸುಧಾಮಣಿ. ಬೇಡುವ ದನಿಯಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವಂತೆ ಕೇಳಿದಳು. "ತಪ್ಪು ಮಾಡಿವ್ನಿ ಅಲ್ವಾ?"

ನಾಗೇಂದ್ರ ನೋಟಿಸಿನ ಫಾರಂ ಮಡಚಿ ರಾಚಯ್ಯನವರಿಗೆ ವಾಪಸ್ ಕೊಟ್ಟರು. ಬಂಧನಕ್ಕೆ ಕಾರಣ ಬರೆಯಲೇಬೇಕಿತ್ತು. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಬರೆದರು. ಆರೋಪಿಯು ಪಿರ್ಯಾದುದಾರರು ಮತ್ತು ಮುಖ್ಯ ಸಾಕ್ಷಿಗಳೊಂದಿಗೆ ಒಂದೇ ಮನೆಯಲ್ಲಿ ವಾಸವಿದ್ದು, ಪರಸ್ಪರ ಪ್ರಭಾವ ಬೀರುವ ಸಾಧ್ಯತೆ ಇರುವುದರಿಂದ ದಸ್ತಗಿರಿ ಅವಶ್ಯ. ಓದಿ ನೋಡಿದರು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಹರ್ಷಿತಾ ಕೇಳಿದಳು. ಸುಧಾಮಣಿ ಮದ್ದೂರಿನ ತಾಯಿ ಚಂದ್ರಮತಿಯ ನಂಬರನ್ನು ತಡವರಿಸದೆ ಬಾಯಿಪಾಠ ಹೇಳಿದಳು. ಆ ನಂಬರು ಅವಳ ಮೊಬೈಲಿನಲ್ಲಿ ಇರಲಿಲ್ಲ. ಹರ್ಷಿತಾ ತನ್ನ ಫೋನಿನಿಂದಲೇ ಮಾಡಿದಳು. "ನಿಮ್ಮ ಮಗಳನ್ನ ಅರೆಸ್ಟ್ ಮಾಡಿದ್ದೀವಮ್ಮ. ಸಾಯಂಕಾಲದೊಳಗೆ ಕೋರ್ಟಿಗೆ ಬನ್ನಿ, ಜಾಮೀನಿಗೆ." ಆ ಕಡೆಯಿಂದ ಅಳು ಕೇಳಿಸಿತು. ಅದರ ನಡುವೆಯೇ, "ಮಾತಾಡ್ಬೌದಾ ಅವ್ಳತ್ರ? ಈಗ ಮಾತಾಡ್ಬೌದಾ?" ಎಂಬ ದನಿ.

ಹರ್ಷಿತಾ ಫೋನನ್ನು ಸುಧಾಮಣಿಯ ಕಿವಿಗೆ ಹಿಡಿದಳು. ಅವಳು "ಅವ್ವಾ" ಎಂದಳು. ಎರಡೂ ಕೈಯಿಂದ ಫೋನನ್ನು ಕಿವಿಗೆ ಒತ್ತಿಕೊಂಡಳು.

ಕರೆಗಳ ಸಾಕ್ಷ್ಯಕ್ಕಾಗಿ ಅವಳ ಮೊಬೈಲನ್ನೂ ವಶಕ್ಕೆ ತೆಗೆದುಕೊಂಡರು. ರಾಚಯ್ಯ ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ದಾರ ಸುತ್ತಿ, ಅರಗು ಕಾಯಿಸಿ ಸೀಲು ಒತ್ತಿದರು. ಮೊದಲು ಸ್ವಿಚ್ ಆಫ್ ಮಾಡಬೇಕೆಂಬುದು ಮರೆತೇಹೋಯಿತು.

ಸುಧಾಮಣಿ ಜೀಪು ಹತ್ತುವ ಮೊದಲು ದೊಡ್ಡಮಲ್ಲಮ್ಮ ಮೆಟ್ಟಿಲಿಳಿದು ಬಂದರು. ಸೊಸೆಯ ಕೈಗೆ ಒಂದು ಸ್ವೆಟರ್ ಕೊಟ್ಟರು. "ಚಳಿ ಕಣಮ್ಮಿ," ಎಂದು ಮಾತ್ರ ಹೇಳಿದರು. ಗಂಡ ಕೂಗುವ ಮೊದಲೇ ಒಳಗೆ ಹೋದರು.

ಠಾಣೆಗೆ ಹೋದ ಮೇಲೆ ಅವಳು ಆರೋಪಿಯಾಗಿ ಒಂದು ಕಡೆ ಸಹಿ ಹಾಕಬೇಕಿತ್ತು. ಆಮೇಲೆ ಗಂಡನ ವಿರುದ್ಧ ದೂರುದಾರಳಾಗಿ ಇನ್ನೊಂದು ಕಡೆ. ಎರಡನೆಯದನ್ನು ಹರ್ಷಿತಾ ಬರೆದುಕೊಳ್ಳುವುದೆಂದು ನಾಗೇಂದ್ರ ಆಗಲೇ ಹೇಳಿದ್ದರು. ತೋರಿಸಲು ಗಾಯವಿಲ್ಲದ ದೂರು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲನೆಯ ಕೇಸು ಮಾತ್ರ ಗಟ್ಟಿಯಾಗಿತ್ತು. ದೋಟಿ ಇತ್ತು, ಬಣ್ಣ ಇತ್ತು, ತಪ್ಪೊಪ್ಪಿಗೆ ಇತ್ತು. ತಿಂಗಳ ಸಭೆಯಲ್ಲಿ ಶೀಘ್ರ ಪತ್ತೆ ಎಂದು ಮೆಚ್ಚುಗೆಯೂ ಸಿಗಬಹುದು. ಕೇಬಲ್ ಕಳ್ಳರ ವಿಷಯ ಯಾರೂ ಕೇಳಲಾರರು.

ಜೀಪು ಹೊರಟಿತು. ಸುಧಾಮಣಿ ಹಿಂದಿನ ಸೀಟಿನಲ್ಲಿ ಹರ್ಷಿತಾಳ ಪಕ್ಕ ಕೂತಿದ್ದಳು. ಕಂಬ ಹತ್ತಿರ ಬಂದಾಗ ಅಭ್ಯಾಸದಂತೆ ತಲೆ ತಗ್ಗಿಸಿದಳು. ಆಮೇಲೆ ಏನೋ ನೆನಪಾದವಳಂತೆ ತಲೆಯೆತ್ತಿ, ಕಿಟಕಿಯಿಂದ ಕ್ಯಾಮೆರಾವನ್ನು ನೇರವಾಗಿ ನೋಡಿದಳು.

ಹರ್ಷಿತಾಳ ತೊಡೆಯ ಮೇಲಿದ್ದ ಬಟ್ಟೆಯ ಚೀಲ ಅಲುಗಿತು. ಒಳಗೆ ಫೋನ್ ಹೊಡೆದುಕೊಳ್ಳತೊಡಗಿತು. ಸುಧಾಮಣಿ ಚೀಲವನ್ನು ನೋಡಿದಳು. ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಂಗಿಲ್ಲ," ಎಂದಳು ಹರ್ಷಿತಾ. "ಸೀಲ್ ಆಗಿದೆ. ಕೋರ್ಟ್ ಹೇಳೋತನಕ ಯಾರೂ ತೆಗೆಯೋ ಹಾಗಿಲ್ಲ."

ಸುಧಾಮಣಿ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಜೀಪು ಬಸ್ ಸ್ಟಾಪ್ ದಾಟಿ, ಸೋಮವಾರ ಬಸ್ಸು ಮರೆಯಾದ ತಿರುವಿಗೆ ಬಂತು. ಚೀಲದೊಳಗೆ ಅದು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು.